ಸಹಾಯ ಬೇಕು: ಗಿಟಾರ್ ಬೈಂಡಿಂಗ್ ಹಳದಿಯಾಗಿದೆ

ನನ್ನ ಹಳೇ ಎಲೆಕ್ಟ್ರಿಕ್ ಗಿಟಾರ್‌ನ ಅಂಚಿನ ಬಿಳಿ ಬೈಂಡಿಂಗ್ (ಅಂಚಿಗೆ ಅಂಟಿಸಿರುವ ಪ್ಲಾಸ್ಟಿಕ್ ಪಟ್ಟಿ) ತುಂಬಾ ಹಳದಿಯಾಗಿದೆ. ಬಲಗೈ ಒರಗುವ ಕಡೆ ಅದರ ಮೇಲಿನ ಲ್ಯಾಕರ್ (ಪಾರದರ್ಶಕ ಲೇಪ) ಸವೆದಿದೆ. ಅಲ್ಲಿ ಮಾತ್ರ ಕೆಳಗಿನ ಪ್ಲಾಸ್ಟಿಕ್ ಇನ್ನೂ ಬೆಳ್ಳಗಿದೆ. ಅಂದರೆ ಹಳದಿಯಾಗಿರುವುದು ಮೇಲಿನ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಲ್ವಾ? ನ್ಯಾಫ್ತಾದಲ್ಲಿ (ಪೆಟ್ರೋಲಿಯಂ ದ್ರಾವಕ) ಒರೆಸಿದೆ. ಕೊಳೆ ಹೋಯಿತು, ಬಣ್ಣ ಹಾಗೇ ಇದೆ. ಅಸಿಟೋನ್ ಮಾತ್ರ ಮುಟ್ಟಿಸುವುದಿಲ್ಲ. ಅದು ಲ್ಯಾಕರನ್ನೂ ಕರಗಿಸುತ್ತದೆ, ಬೈಂಡಿಂಗ್ ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಅದನ್ನೂ ಬಿಡುವುದಿಲ್ಲ.

ರೇಜರ್ ಬ್ಲೇಡನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಕೆರೆಯೋಣ ಅಂತಿದ್ದೇನೆ. ಪಕ್ಕದ ಸನ್‌ಬರ್ಸ್ಟ್ ಬಣ್ಣದ (ನಡುವೆ ತಿಳಿ, ಅಂಚಿನತ್ತ ಗಾಢ) ಅಂಚು ಏಳದಂತೆ ಹೇಗೆ ನೋಡಿಕೊಳ್ಳುವುದು? ನನಗೆ ಜಾಸ್ತಿ ಭಯ ಇರುವುದೇ ಅದರದ್ದು. ಕೆರೆದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಯಲೇಬೇಕಾ, ಬರೀ ಪಾಲಿಶ್ ಸಾಕಾ? ಕತ್ತಿನ ಬೈಂಡಿಂಗ್ ಹಾಗೇ ಬಿಟ್ಟರೆ ಎರಡು ಬಣ್ಣ ಎದ್ದು ಕಾಣುತ್ತದಾ? ಈ ಕೆಲಸ ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.