ಅಪ್‌ಡೇಟ್: ಬಾಗಲಕೋಟೆಯ ನಮ್ಮ ಮನೆಯ ತಿಂಗಳ ಖರ್ಚು

ಐದು ಜನರ ಸಂಸಾರದ ಖರ್ಚು ಇಳಿಸುವುದು ಹೇಗೆ ಎಂದು ಬೇಸಿಗೆಗೆ ಮೊದಲು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಹೆಚ್ಚು ಉಳಿದದ್ದು ಕರೆಂಟಿನಲ್ಲಿ. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಕೂಲರ್ ಹಚ್ಚದೆ ಗತ್ಯಂತರವಿಲ್ಲ. ಅದಕ್ಕೇ ಸುಮಾರು 75 ವ್ಯಾಟ್ ಎಳೆಯುವ ಹಳೆಯ ಫ್ಯಾನುಗಳನ್ನು ತೆಗೆಸಿ, 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ (ಕರೆಂಟ್ ಉಳಿಸುವ ಮೋಟಾರಿನ) ಫ್ಯಾನ್ ಹಾಕಿಸಿದೆವು. ಈ ಬೇಸಿಗೆಯಲ್ಲಿ ಮಿತಿ ದಾಟಲಿಲ್ಲ.

ಜೋಳವನ್ನು ಸುಗ್ಗಿಯಲ್ಲೇ ರೈತರಿಂದ ಚೀಲಗಟ್ಟಲೆ ಕೊಂಡು, ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಬೆರೆಸಿ ಇಟ್ಟಿದ್ದೇವೆ. ಗಿರಣಿಗೆ ವಾರಕ್ಕೆ ಬೇಕಾದಷ್ಟೇ ಒಯ್ಯುತ್ತೇವೆ. ಹಳೆಯ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಅತ್ತೆಯವರ ಔಷಧಿಯನ್ನು ವೈದ್ಯರನ್ನು ಕೇಳಿಕೊಂಡೇ ಅಗ್ಗವಾಗಿ ಸಿಗುವ ಜನೌಷಧಿ ಕೇಂದ್ರದಿಂದ ತರುತ್ತಿದ್ದೇವೆ.

ಮಕ್ಕಳ ಟ್ಯೂಷನ್ ಬಿಡಿಸಿ ಎಂದವರ ಮಾತನ್ನು ಮಾತ್ರ ಒಪ್ಪಲಿಲ್ಲ. ಅದರಲ್ಲಿ ಕೈ ಬಿಗಿ ಹಿಡಿಯಲು ನನಗೆ ಮನಸ್ಸಿಲ್ಲ.