ನೂರು ಮುಟ್ಟಿದ ಗೆರೆ

ಬೆಳಿಗ್ಗೆ ಆರು ಹತ್ತಕ್ಕೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅತ್ತೆ ಒಂದು ಚಿತ್ರ ಹಾಕಿದರು. ಒಂದು ಗೆರೆ. ಎಡಗಡೆ ನೆಲಕ್ಕೆ ಅಂಟಿಕೊಂಡಿದೆ, ಬಲಗಡೆ ಬೆಟ್ಟದ ಹಾಗೆ ಎದ್ದಿದೆ. ತುದಿಯಲ್ಲಿ 100. ಕೆಳಗೆ ಬರಹ: "ಹೊಸ ಜ್ವರ! ಆಸ್ಪತ್ರೆಗಳಿಗಿಂತ ಮೊದಲೇ ಗೂಗಲ್‌ಗೆ ಗೊತ್ತು! ಹುಡುಕಾಟ ನೂರು ಮುಟ್ಟಿದೆ! ನಿಮ್ಮವರಿಗೆ ಕಳಿಸಿ." ಮೇಲೆ ಜೋಡಿ ಬಾಣದ ಗುರುತು. ಅಂದರೆ ಎಷ್ಟೋ ಕೈ ದಾಟಿ ಬಂದ ಮಾಲು.

ಅತ್ತೆ: ಎಲ್ಲರೂ ಹುಷಾರಾಗಿರಿ. ನೂರಕ್ಕೆ ನೂರು ಜನರಿಗೆ ಬರುತ್ತದಂತೆ.

ಚಿತ್ರದಲ್ಲಿ ಹಾಗೆ ಎಲ್ಲೂ ಬರೆದಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಏಳು ಜನ ಕೈಮುಗಿದರು.

ತಂಗಿ: ಅತ್ತೆ, ಇದರ ಮೂಲ ಯಾವುದು? ಯಾವ ದೇಶದ್ದು, ಯಾವ ತಿಂಗಳದ್ದು?

ಪುಟ್ಟಣ್ಣ: ಬಂದರು ನೋಡಿ, ಮೂಲ ಮೇಡಂ.

ಇವರಿಬ್ಬರದ್ದು 2020ರ ಬಾಕಿ. ಆಗ ಪುಟ್ಟಣ್ಣ ಹಾಕಿದ್ದ ಒಂದು ಫಾರ್ವರ್ಡ್‌ಗೆ ತಂಗಿ ಇದೇ ಪ್ರಶ್ನೆ ಕೇಳಿದ್ದಳು. ಅವನು ಗುಂಪು ಬಿಟ್ಟು ಹೋದ. ಅವನಪ್ಪ, ಅಂದರೆ ನಮ್ಮ ದೊಡ್ಡಪ್ಪ, ಇಬ್ಬರಿಗೂ ಫೋನಿನಲ್ಲಿ ಬುದ್ಧಿ ಹೇಳಿ ಮತ್ತೆ ಸೇರಿಸಿದ್ದರು. ಆ ಫಾರ್ವರ್ಡ್‌ನಲ್ಲಿ ಏನಿತ್ತು ಅಂತ ಈಗ ಯಾರಿಗೂ ನೆನಪಿಲ್ಲ. ಯಾರು ಯಾರಿಗೆ ಏನು ಅಂದರು ಅನ್ನುವುದು ಮಾತ್ರ ಅಕ್ಷರ ಬಿಡದೆ ನೆನಪಿದೆ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಜ್ವರ ಬಂದರೆ ಮಲಗುತ್ತಿದ್ದೆವು. ಈಗ ಮೊಬೈಲ್ ಹಿಡಿದು ಹುಡುಕುತ್ತಾರೆ. ಅರ್ಧ ರೋಗ ಹುಡುಕಿದ್ದರಿಂದಲೇ ಬರುತ್ತದೆ. ಈ ಮನೆಯವರು ಯಾರೂ ಹುಡುಕಬಾರದು.

ತಂಗಿ: ಅದಕ್ಕೆ ಸೈಬರ್‌ಕಾಂಡ್ರಿಯಾ ಅಂತ ಹೆಸರೇ ಇದೆ ದೊಡ್ಡಪ್ಪ. ತಲೆನೋವು ಅಂತ ಹುಡುಕಲು ಕೂತವರು ಮಿದುಳಿನ ಗಡ್ಡೆಯ ಪುಟದವರೆಗೂ ಹೋಗಿಬಿಡುತ್ತಾರೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2008ರಲ್ಲೇ ಇದನ್ನು ನೋಡಿ ಬರೆದಿದ್ದಾರೆ.

ದೊಡ್ಡಪ್ಪ: ನಾನು ಅದಕ್ಕೂ ಮೊದಲೇ ಹೇಳಿದ್ದೆ.

ತಂಗಿ: ಅತ್ತೆ, 100 ಅಂದರೆ ನೂರು ಜನ ಅಂತ ಅರ್ಥವಲ್ಲ. ಶೇಕಡಾ ನೂರೂ ಅಲ್ಲ. ಯಾವ ಪದವನ್ನು ಯಾವಾಗ ಎಷ್ಟು ಹುಡುಕಿದರು ಅಂತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ, ನಾವು ಆರಿಸಿದ ಅವಧಿಯಲ್ಲಿ ಆ ಪದವನ್ನು ಅತಿ ಜಾಸ್ತಿ ಹುಡುಕಿದ ಹೊತ್ತಿಗೆ 100 ಅಂತ ಕೊಡುತ್ತಾರೆ. ಉಳಿದ ದಿನಗಳನ್ನು ಅದರ ಜೊತೆ ಹೋಲಿಸುತ್ತಾರೆ, ಅಷ್ಟೇ. ಪೆನ್ಸಿಲ್ ಅಂತ ಹಾಕಿದರೂ ಎಲ್ಲೋ ಒಂದು ಕಡೆ 100 ಇದ್ದೇ ಇರುತ್ತದೆ.

ಅತ್ತೆ: ಅಯ್ಯೋ, ಪೆನ್ಸಿಲ್‌ನಿಂದಲೂ ಹರಡುತ್ತಾ?

ಇಲ್ಲಿ ಪುಟ್ಟಣ್ಣ ಎದೆ ಉಬ್ಬಿಸಿ ಬಂದ. ಈ ಸಲ ಅವನ ಕೈಯಲ್ಲಿ ನಿಜಕ್ಕೂ ಮೂಲ ಇತ್ತು.

ಪುಟ್ಟಣ್ಣ: ಗೂಗಲ್ ಫ್ಲೂ ಟ್ರೆಂಡ್ಸ್. 2008. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವರದಿ ಬರಲು ಒಂದೆರಡು ವಾರ ಬೇಕಿತ್ತು. ಇವರು ಜನ ಏನು ಹುಡುಕುತ್ತಾರೆ ಅಂತ ನೋಡಿ ಒಂದೇ ದಿನದಲ್ಲಿ ಫ್ಲೂ ಎಷ್ಟಿದೆ ಅಂತ ಹೇಳುತ್ತಿದ್ದರು. ನೇಚರ್ ಪತ್ರಿಕೆಯಲ್ಲಿ ಬಂದಿದೆ. ಸಾಕಾ ಮೂಲ?

ತಂಗಿ: ಮುಂದಿನ ಕಥೆ ಓದಿದ್ದೀಯಾ?

ಓದಿರಲಿಲ್ಲ. ಆಮೇಲೆ ಅವಳು ಒಂದರ ಹಿಂದೆ ಒಂದು ಹನ್ನೊಂದು ಸಂದೇಶ ಹಾಕಿದಳು. ಪೂರ್ತಿ ಓದಿದ್ದು ನಾನೊಬ್ಬನೇ ಅನಿಸುತ್ತದೆ, ಅದಕ್ಕೆ ಇಲ್ಲಿ ಹೇಳುತ್ತೇನೆ. ಗೂಗಲ್‌ನವರು ಐದು ಕೋಟಿ ಹುಡುಕಾಟದ ಪದಗಳನ್ನು ಸೋಸಿ, ಫ್ಲೂ ಲೆಕ್ಕದ ಜೊತೆ ಏರಿ ಇಳಿಯುವ 45ನ್ನು ಆರಿಸಿಕೊಂಡಿದ್ದರು. ಸೋಸುವಾಗ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಕೂಡ ಚೆನ್ನಾಗಿ ಹೊಂದುತ್ತಿತ್ತಂತೆ! ಅಮೆರಿಕದಲ್ಲಿ ಎರಡಕ್ಕೂ ಚಳಿಗಾಲವೇ ಕಾಲ, ಅದಕ್ಕೆ. ಆಮೇಲೆ 2009ರಲ್ಲಿ ಎಚ್1ಎನ್1, ಅಂದರೆ ಹಂದಿಜ್ವರ, ಚಳಿಗಾಲ ಮುಗಿದ ಮೇಲೆ ಬಂತು. ಮೊದಲ ಅಲೆಯನ್ನು ಫ್ಲೂ ಟ್ರೆಂಡ್ಸ್ ತೀರಾ ಕಡಿಮೆ ಅಂತ ತೋರಿಸಿತು. 2012-13ರ ಚಳಿಗಾಲದಲ್ಲಿ ಉಲ್ಟಾ. ಡಾಕ್ಟರ ಹತ್ತಿರ ಹೋದವರ ಲೆಕ್ಕಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹೇಳಿತು. 2011ರ ಆಗಸ್ಟ್‌ನಿಂದ ಎಣಿಸಿದರೆ 108 ವಾರಗಳಲ್ಲಿ 100 ವಾರ ಜಾಸ್ತಿಯೇ ಹೇಳಿದೆ ಅಂತ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2015ರಲ್ಲಿ ಅಂದಾಜು ಹಾಕುವುದನ್ನೇ ನಿಲ್ಲಿಸಿದರು.

ತಂಗಿ: ಟಿವಿಯಲ್ಲಿ ಫ್ಲೂ ಸುದ್ದಿ ಜೋರಾದರೆ ಆರಾಮಾಗಿರುವವರೂ ಹುಡುಕುತ್ತಾರೆ. ಒಂದು ಪದ ಹುಡುಕಿದರೆ ಗೂಗಲ್ ತಾನೇ ಇನ್ನು ನಾಲ್ಕು ಪದ ಮುಂದಿಡುತ್ತದೆ. ಗೆರೆ ಏರುತ್ತದೆ. ಅದನ್ನು ಥರ್ಮಾಮೀಟರ್ ಅಂತ ನಂಬಿದರೆ ಹೇಗೆ?

ನಾನೂ ಒಂದು ಮಾತು ಸೇರಿಸಿದೆ. ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲೇ, ವಾಸನೆ ಗೊತ್ತಾಗುತ್ತಿಲ್ಲ ಅಂತ ಜನ ಹುಡುಕುವುದು ಏರಿತ್ತು. ಸಿಡಿಸಿ ಅದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಏಪ್ರಿಲ್ ಕೊನೆಗೆ. ಹಾಗಾಗಿ ಗೆರೆಯಲ್ಲಿ ಏನೂ ಇಲ್ಲ ಅನ್ನುವುದೂ ತಪ್ಪು, ಅಲ್ವಾ? ಯಾರೂ ಉತ್ತರ ಕೊಡಲಿಲ್ಲ. ಗುಂಪಿಗೆ ಹೇಳದ ಒಂದು ವಿಷಯ ಇದೆ. ಆ ದಿನಗಳಲ್ಲಿ ನಾನೂ ರಾತ್ರಿ ಎರಡು ಗಂಟೆಗೆ ಎದ್ದು ಅದನ್ನೇ ಹುಡುಕಿದ್ದೆ. ಬಚ್ಚಲಿಗೆ ಹೋಗಿ ಸೋಪು ಮೂಸಿದ್ದೆ. ವಾಸನೆ ಚೆನ್ನಾಗಿಯೇ ಬಂದಿತ್ತು. ನನಗೆ ಆಗಿದ್ದು ಸುದ್ದಿ ಓದಿದ್ದು ಅಷ್ಟೇ. ಆದರೆ ಗೂಗಲ್ ಲೆಕ್ಕಕ್ಕೆ, ನಿಜವಾಗಿ ವಾಸನೆ ಹೋದವರೂ ಒಂದೇ, ನಾನೂ ಒಂದೇ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಇಷ್ಟೂ ಮಾತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದೇ ಪದ.

ಚಿಕ್ಕಪ್ಪ: ಥರ್ಮಾಮೀಟರ್ ಅಂದಾಗ ನೆನಪಾಯಿತು! ಅಪ್ಪನ ಥರ್ಮಾಮೀಟರ್! ಕಪ್ಪು ಡಬ್ಬಿಯದ್ದು! ಒಡೆದಾಗ ಪಾದರಸ ನೆಲದ ಮೇಲೆಲ್ಲ ಓಡಿತ್ತು. ನಾವು ಮೂರೂ ಜನ ಕಾಗದದಲ್ಲಿ ಹಿಡಿಯಲು ಹೋಗಿದ್ದೆವು. ಎಂಥಾ ದಿನಗಳು.

ದೊಡ್ಡಪ್ಪ: ಒಡೆದದ್ದು ಇವಳು. ಏಟು ತಿಂದದ್ದು ನಾನು.

ಅತ್ತೆ: ನಾನಾ? ಚಿಕ್ಕಣ್ಣ ಲೆಕ್ಕದ ಪರೀಕ್ಷೆ ತಪ್ಪಿಸಿಕೊಳ್ಳಲು ಅದನ್ನು ಕುದಿಯುವ ನೀರಿಗೆ ಅದ್ದಿದ್ದ. ಅಲ್ಲೇ ಬಿರುಕು ಬಿಟ್ಟಿತ್ತು. ನಾನು ಎತ್ತಿಕೊಂಡೆ, ಅಷ್ಟೇ.

ಚಿಕ್ಕಪ್ಪ: ಕುದಿಯುವ ನೀರಲ್ಲ. ಬಿಸಿ ನೀರು.

ದೊಡ್ಡಪ್ಪ: ಐವತ್ತು ವರ್ಷ ನನಗೆ ಇದನ್ನು ಯಾರೂ ಹೇಳಲಿಲ್ಲ!

ಪುಟ್ಟಣ್ಣ: ಅಂದರೆ ಜ್ವರ ಇಲ್ಲದೆಯೇ ಗೆರೆ ಏರಿತ್ತು ಅನ್ನಿ.

ಅದಕ್ಕೆ ತಂಗಿ ಒಂದು ನಗುವ ಮುಖ ಹಾಕಿದಳು. ಅವನ ಮಾತಿಗೆ ಅವಳು ನಕ್ಕದ್ದು 2020ರಿಂದ ಈಚೆಗೆ ಇದೇ ಮೊದಲು. ನೋಡಿದವರು ಯಾರೂ ಇಲ್ಲ, ಎಲ್ಲರೂ ನೀರು ಎಷ್ಟು ಬಿಸಿ ಇತ್ತು ಅಂತ ಜಗಳವಾಡುತ್ತಿದ್ದರು. ಅರವತ್ತಮೂರು ಸಂದೇಶ. ಯಾರು ಬಾಗಿಲು ಹಾಕಿಕೊಂಡರು, ಯಾರು ಹೇಳಿಕೊಟ್ಟರು, ಅಜ್ಜಿ ಯಾರ ಪರ ಇದ್ದರು. ಹೊಸ ಜ್ವರ ಎಲ್ಲೋ ಮೇಲೆ ಉಳಿದುಹೋಯಿತು.

ರಾತ್ರಿ ಹತ್ತೂವರೆಗೆ ಗುಂಪು ಮತ್ತೆ ಮಿಣುಕಿತು.

ದೊಡ್ಡಪ್ಪ: ಎರಡು ದಿನದಿಂದ ಗಂಟಲು ಕೆರೆತ ಹೊಸ ಜ್ವರದ ಲಕ್ಷಣವೇ

ಪೂರ್ಣವಿರಾಮ ಇಲ್ಲ, ಯಾರಿಗೆ ಅಂತಲೂ ಇಲ್ಲ. ಪಾಪ, ಗೂಗಲ್‌ಗೆ ಹಾಕುವುದನ್ನು ಇಲ್ಲಿ ಹಾಕಿಬಿಟ್ಟಿದ್ದರು. ಒಂದು ನಿಮಿಷದೊಳಗೆ ಅದು ಹೋಗಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತ ಬಂತು. ಅಷ್ಟರಲ್ಲಿ ಹದಿನಾಲ್ಕು ಜನ ನೋಡಿಯಾಗಿತ್ತು. ತಂಗಿ ಏನೋ ಬರೆಯಲು ಶುರು ಮಾಡಿದಳು, ನಿಲ್ಲಿಸಿದಳು.

ಅತ್ತೆ: ದೊಡ್ಡಣ್ಣ, ಗಂಟಲು ಹೇಗಿದೆ?

ದೊಡ್ಡಪ್ಪ: ಯಾವ ಗಂಟಲು?

ಅತ್ತೆ: ಜ್ವರ ಇದೆಯಾ, ನೋಡಿಕೊಂಡೆಯಾ?

ದೊಡ್ಡಪ್ಪ: ಏನಿಟ್ಟು ನೋಡಿಕೊಳ್ಳಲಿ? ಇದ್ದ ಒಂದನ್ನು ನೀವಿಬ್ಬರೂ ಸೇರಿ ಒಡೆದಿರಲ್ಲ.