ಪ್ಲಗ್ ಪಾಯಿಂಟಿನ ಎರಡೂ ತೂತಲ್ಲಿ ಟೆಸ್ಟರ್ ಉರಿಯುತ್ತೆ, ಮಿಕ್ಸಿ ಮಾತ್ರ ತಿರುಗಲ್ಲ

ಒಗ್ಗರಣೆ_ಬಾಣಲೆ:
ಅಡುಗೆಮನೆ ಬೋರ್ಡಿನಲ್ಲಿ ಎರಡು 6 ಆಂಪಿಯರ್ ಸಾಕೆಟ್ ಇವೆ. ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಮಿಕ್ಸಿ. ಗ್ಯಾಸ್ ಮುಗಿದಾಗ ಅಡಾಪ್ಟರ್ ಹಾಕಿ 2000 ವ್ಯಾಟ್ ಇಂಡಕ್ಷನ್ ಒಲೆಯನ್ನೂ ಅದಕ್ಕೇ ಹಾಕ್ತೀವಿ. ನಿನ್ನೆ ಸಂಜೆಯಿಂದ ಎರಡೂ ಸಾಕೆಟ್ ಕೆಲಸ ಮಾಡ್ತಿಲ್ಲ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳೋ ಸ್ವಿಚ್) ಬಿದ್ದಿಲ್ಲ, ಬೇರೆ ಕೋಣೆಗಳೆಲ್ಲ ಸರಿಯಿವೆ. ಟೆಸ್ಟರ್ ಇಟ್ಟರೆ ಬಲಗಡೆ ತೂತಲ್ಲೂ ಉರಿಯುತ್ತೆ, ಎಡಗಡೆಯದರಲ್ಲೂ ಉರಿಯುತ್ತೆ. ಡಬಲ್ ಫೇಸ್ ಬಂದಿದೆಯಾ? ಬಾಡಿಗೆ ಮನೆ, ಯುಪಿಎಸ್ ಇದೆ.

ತಾಮ್ರದ_ತಂತಿ:
ಡಬಲ್ ಫೇಸ್ ಅಲ್ಲ, ಕರೆಂಟ್ ತರೋ ಫೇಸ್ ವೈರ್ ಒಂದೇ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗೋ ಕಪ್ಪು ವೈರ್, ಕಟ್ ಆಗಿದೆ.

ಫ್ರಿಜ್ ಪ್ಲಗ್ ಹಾಕಿಯೇ ಇದೆ ಅಲ್ವಾ? ಫೇಸ್ ಬಲಗಡೆ ಪಿನ್ನಿನಿಂದ ಫ್ರಿಜ್ಜಿನೊಳಗೆ ಹೋಗಿ, ಮೋಟರ್ ಸುತ್ತಿನ ಮೂಲಕ ಎಡಗಡೆ ಪಿನ್ನಿಗೆ ಬರುತ್ತೆ. ಅಲ್ಲಿಂದ ವಾಪಸ್ ಹೋಗೋಕೆ ದಾರಿಯಿಲ್ಲ. ಹಾಗಾಗಿ ಆ ಕಪ್ಪು ವೈರಿಗೆ ಸೇರಿದ ತೂತುಗಳೆಲ್ಲ 230 ವೋಲ್ಟಿನಲ್ಲಿ ನಿಂತುಬಿಟ್ಟಿವೆ. ಮಿಕ್ಸಿ ಸ್ವಿಚ್ ಆಫ್ ಮಾಡಿದರೂ ಅದರ ಎಡ ತೂತಲ್ಲಿ ಕರೆಂಟ್ ಇರುತ್ತೆ, ಯಾಕಂದ್ರೆ ಸ್ವಿಚ್ ಕಡಿಯೋದು ಫೇಸ್ ಮಾತ್ರ. "ಏನೂ ಓಡ್ತಿಲ್ಲ, ಕರೆಂಟಿಲ್ಲ" ಅಂತ ಕೈ ಹಾಕಿದವರಿಗೆ ಹೊಡೆಯೋದು ಇಲ್ಲೇ.

ಖಚಿತ ಮಾಡ್ಕೊಳ್ಳಿ: ಫ್ರಿಜ್ ಪ್ಲಗ್ ತೆಗೆದು, ಬೋರ್ಡಿನ ಎಲ್ಲ ಸ್ವಿಚ್ ಆಫ್ ಮಾಡಿ, ಎಡ ತೂತಿಗೆ ಟೆಸ್ಟರ್ ಇಡಿ. ಆರಿದರೆ ನ್ಯೂಟ್ರಲ್ಲೇ. ಇನ್ನೂ ಜೋರಾಗಿ ಉರಿದರೆ ಅದೇ ನ್ಯೂಟ್ರಲ್ಲಿಗೆ ಬೇರೆ ಕಡೆ ಲೋಡ್ ಇದೆ, ಇಲ್ಲಾ ವೈರ್ ಅದಲುಬದಲಾಗಿದೆ, ಎಲೆಕ್ಟ್ರಿಷಿಯನ್ ಕರೆಸಿ. ಮಲ್ಟಿಮೀಟರ್ ಇದ್ದರೆ, ಫ್ರಿಜ್ ಹಾಕಿ ಆನ್ ಇದ್ದಾಗ ಬಲ–ಅರ್ಥ್ 230, ಬಲ–ಎಡ ಸುಮಾರು ಸೊನ್ನೆ ಬರಬೇಕು. ಫ್ರಿಜ್ ತೆಗೆದಮೇಲೆ ಬಲ–ಎಡ 40, 90 ಅಂತ ಕುಣಿಯುತ್ತೆ, ಅದಕ್ಕೆ ತಲೆ ಕೆಡಿಸ್ಕೊಬೇಡಿ.

ಶಾರ್ಟ್‌ಕಟ್_ಸ್ವಾಮಿ:
ಇಷ್ಟೆಲ್ಲ ಯಾಕೆ? ಅರ್ಥ್‌ನಿಂದ ನ್ಯೂಟ್ರಲ್ಲಿಗೆ ಒಂದು ತುಂಡು ವೈರ್ ಕೊಡಿ, ತಕ್ಷಣ ಓಡುತ್ತೆ.

ತಾಮ್ರದ_ತಂತಿ:
ಸ್ವಾಮಿ, ದಯವಿಟ್ಟು ಬೇಡ. ಓಡುತ್ತೆ, ನಿಜ. ಆದರೆ ಆ ಅರ್ಥ್ ವೈರ್ ಎಲ್ಲಾದರೂ ಕಳಚಿದ ದಿನ ಫ್ರಿಜ್ಜಿನ ಬಾಗಿಲೇ ಫೇಸ್ ಆಗುತ್ತೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯೋ ಸ್ವಿಚ್) ಇದ್ದರಂತೂ ಲೋಡ್ ಹಾಕಿದ ಕೂಡಲೇ ಬೀಳುತ್ತೆ. ಆಮೇಲೆ "ಅದನ್ನೂ ಬೈಪಾಸ್ ಮಾಡಿ" ಅನ್ನೋ ಸಲಹೆ ಬರುತ್ತೆ!

ಮೂರು_ಪಿನ್ನು:
ಬೋರ್ಡ್ ತೆರೆಯೋದಾದರೆ: ಎಂಸಿಬಿ ಒಂದೇ ಸಾಲದು, ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಕಡಿಯಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯೋ ಮೇನ್ ಡಿಪಿ ಸ್ವಿಚ್ ಇಳಿಸಿ. ಆಮೇಲೆ ಯುಪಿಎಸ್ ಆಫ್ ಮಾಡಿ, ಅದರ ಔಟ್‌ಪುಟ್ಟಿಗೆ ಹಾಕಿರೋ ಪ್ಲಗ್ಗನ್ನೂ ಕಿತ್ತಿಡಿ. ಮೇನ್ ಇಳಿಸಿದ ಕ್ಷಣದಲ್ಲೇ ಯುಪಿಎಸ್ ಶುರುವಾಗುತ್ತೆ, ಅದೇ ಬೋರ್ಡಿನ ಲೈಟ್ ಪಾಯಿಂಟಿಗೆ ಅದರ 230 ವೋಲ್ಟ್ ಬಂದು ಕೂತಿರುತ್ತೆ. ಮೇನ್ ಇಳಿಸೋ ಮುಂಚೆಯೇ ಟೆಸ್ಟರನ್ನು ಕರೆಂಟಿರೋ ಕಡೆ ಇಟ್ಟು ಉರಿಯುತ್ತಾ ನೋಡಿ, ಎಲ್ಲ ಆಫ್ ಆದಮೇಲೆ ಬೋರ್ಡಿನ ಪ್ರತಿ ಸ್ಕ್ರೂಗೂ ಇಟ್ಟು ನೋಡಿ. ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ.

ಬೋರ್ಡಿನೊಳಗೆ ನ್ಯೂಟ್ರಲ್ ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗಿರುತ್ತೆ. ಎರಡೂ ಸತ್ತಿವೆ ಅಂದರೆ ಮೊದಲ ಸಾಕೆಟ್ಟಿನ ಎಡ ಸ್ಕ್ರೂ ನೋಡಿ.

ಒಗ್ಗರಣೆ_ಬಾಣಲೆ:
ಸಿಕ್ತು. ಫ್ರಿಜ್ ತೆಗೆದಾಗ ಟೆಸ್ಟರ್ ಆರಿತು. ಮೊದಲ ಸಾಕೆಟ್ಟಿನ ಎಡ ಸ್ಕ್ರೂನಿಂದ ಕಪ್ಪು ವೈರ್ ಹೊರಗೆ ಬಂದಿದೆ, ತುದಿ ಕರಕಲು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಎಂಸಿಬಿ ಯಾಕೆ ಬೀಳಲಿಲ್ಲ? ಸ್ಕ್ರೂ ಬಿಗಿ ಮಾಡಿದರೆ ಸಾಕಾ?

ಮೂರು_ಪಿನ್ನು:
ಎಂಸಿಬಿಗೆ ಇದು ಕಾಣಲ್ಲ. ಇಂಡಕ್ಷನ್ ಎಳೆಯೋದು 2000 ÷ 230, ಅಂದರೆ 8.7 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, 6 ಆಂಪಿಯರ್ ಸಾಕೆಟ್ಟಿಗೆ ಮಾತ್ರ ಜಾಸ್ತಿ. ಸಡಿಲ ಸ್ಕ್ರೂನಲ್ಲಿ ಅರ್ಧ ಓಮ್ ತಡೆ ಇದ್ದರೂ ಆ ಒಂದು ಚುಕ್ಕೆಯಲ್ಲಿ ಸುಮಾರು 38 ವ್ಯಾಟ್ ಬಿಸಿ, ಒಂದು ಸೋಲ್ಡರಿಂಗ್ ಐರನ್ನಿನಷ್ಟು. ಬಿಸಿಯಾದಷ್ಟೂ ಸ್ಕ್ರೂ ಸಡಿಲ, ಸಡಿಲವಾದಷ್ಟೂ ಬಿಸಿ.

ಬರೀ ಬಿಗಿ ಮಾಡಿದರೆ ಸಾಲದು. ಆ ಸಾಕೆಟ್ಟಿನ ಒಳಗಿನ ಹಿತ್ತಾಳೆ ಕ್ಲಿಪ್ಪು ಬಿಸಿಗೆ ಮೆತ್ತಗಾಗಿರುತ್ತೆ, ಪಿನ್ ಹಿಡಿಯಲ್ಲ, ಹೊಸದು ಹಾಕಿ. ಕರಕಲು ವೈರನ್ನು ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ, 8ರಿಂದ 10 ಮಿ.ಮೀ. ಸಿಪ್ಪೆ ತೆಗೆದು, ಎಳೆಗಳನ್ನು ತಿರುಚಿ ಒಳಗಿಡಿ. ಸ್ಕ್ರೂ ಬಿಗಿದಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ವೈರ್ ಸಾಲದೆ ಬಂದರೆ ಟೇಪ್ ಸುತ್ತಿ ಜೋಡಿಸಬೇಡಿ, ಕನೆಕ್ಟರ್ ಹಾಕಿ. ಗೋಡೆಯೊಳಗಿನವರೆಗೂ ಸಿಪ್ಪೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ವೈರೇ ಬದಲಾಗಬೇಕು. ಅದು ನಿಮ್ಮ ಕೆಲಸ ಅಲ್ಲ, ಫೋಟೋ ತೆಗೆದು ಮನೆ ಮಾಲೀಕರಿಗೆ ಕಳಿಸಿ.

ಇಂಡಕ್ಷನ್ನಿಗೆ ಬೇರೆ 16 ಆಂಪಿಯರ್ ಪಾಯಿಂಟೇ ಬೇಕು, 2.5 ಸ್ಕ್ವೇರ್ ಎಂಎಂ ವೈರಿನಲ್ಲಿ, ಎಂಸಿಬಿಗಳಿರೋ ಡಿಬಿ ಪೆಟ್ಟಿಗೆಯಿಂದ ನೇರ. ಅಡಾಪ್ಟರ್ ಎಸೆದುಬಿಡಿ.

ತಾಮ್ರದ_ತಂತಿ:
ಮುಂದೆ ಯಾವತ್ತಾದರೂ ಒಂದೇ ಬೋರ್ಡ್ ಬದಲು ಇಡೀ ಮನೆಯ ಬಲ್ಬುಗಳಲ್ಲಿ ಕೆಲವು ಕಣ್ಣು ಕುಕ್ಕುವಷ್ಟು, ಕೆಲವು ಮಂಕಾಗಿ ಉರಿದರೆ ಅದು ಮೇನ್ ನ್ಯೂಟ್ರಲ್. ತ್ರೀ ಫೇಸ್ ಕಟ್ಟಡದಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಟೆಸ್ಟರ್ ಹುಡುಕುತ್ತಾ ಕೂರದೆ ಮೇನ್ ಇಳಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.